ಆಲೆಮನೆಯ ಲೆಕ್ಕ, ಊದುಕುಲುಮೆಯ ಲೆಕ್ಕ

ಕೃಷ್ಣರಾಜನಗರದ ಕಡೆಯ ಆಲೆಮನೆಗಳನ್ನು ಕಂಡವರಿಗೆ ನಾನಿಂದು ಹೇಳಹೊರಟಿರುವ ಸಂಗತಿ ಅಪರಿಚಿತವಲ್ಲ. ಗಾಣದಿಂದ ಹೊರಬಿದ್ದ ಕಬ್ಬಿನ ಸಿಪ್ಪೆಯನ್ನು ಬಿಸಿಲಿಗೆ ಹರವಿ, ಒಣಗಿದ ಮೇಲೆ, ಅದೇ ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಒಲೆಗೆ ಒಡ್ಡುತ್ತಾರೆ. ಬೂದಿ ಗದ್ದೆ ಸೇರುತ್ತದೆ. ವಿದ್ವಾಂಸರು ಇದನ್ನು 'ಆವರ್ತ ಅರ್ಥವ್ಯವಸ್ಥೆ' ಎನ್ನುತ್ತಾರೆ. ಹೆಸರು ಭಾರವಾಯಿತು, ಇರಲಿ.

ಭಾರೀ ಕೈಗಾರಿಕೆಯಲ್ಲಿ ನಮಗೆ ಹತ್ತಿರದ ನಿದರ್ಶನ ಭದ್ರಾವತಿ. 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಅಲ್ಲಿ ಉತ್ಪಾದನೆಗೆ ತೊಡಗಿದಾಗ ಊದುಕುಲುಮೆಗೆ ಬೇಕಾದ ಇದ್ದಿಲು ಮಲೆನಾಡಿನ ಸೌದೆಯಿಂದ ಬರುತ್ತಿತ್ತು. ಆ ಸೌದೆಯ ಹೊಗೆಯನ್ನೂ ಬಿಡದೆ ತಣಿಸಿ, ಮೆಥನಾಲ್, ಟಾರು ಮೊದಲಾದವನ್ನು ಇಳಿಸಿಕೊಳ್ಳುತ್ತಿದ್ದರು. ಕುಲುಮೆಯ ಕಿಟ್ಟವೂ ವ್ಯರ್ಥವಲ್ಲ. ಕರಗಿದ ಕಿಟ್ಟವನ್ನು ನೀರಿನಲ್ಲಿ ಒಮ್ಮೆಲೇ ತಣಿಸಿ ಅರೆದರೆ ಸಿಮೆಂಟಿಗೆ ಬೆರೆಸಬಹುದು. ಅಷ್ಟರಮಟ್ಟಿಗೆ ಸುಣ್ಣಕಲ್ಲನ್ನು ಸುಡುವುದು ತಪ್ಪುತ್ತದೆ. ಶುದ್ಧ ಸುಣ್ಣಕಲ್ಲು 100 ಕಿಲೋ ಪೂರ್ತಿ ಸುಟ್ಟರೆ 44 ಕಿಲೋ ಇಂಗಾಲಾನಿಲ ಹೊರಬೀಳುತ್ತದೆಂಬುದನ್ನು ನೆನೆದರೆ ಲಾಭ ಸಣ್ಣದಲ್ಲ.

ಆದರೆ ಲಾಭವನ್ನು ಅಳೆಯುವ ಬಗೆ? ಒಂದು ವಿಧಾನ ಮನೆಯ ಜಮಾ-ಖರ್ಚಿನಂತೆ: ಕಾರ್ಖಾನೆಯ ಸುತ್ತ ಗೆರೆ ಎಳೆದು, ಒಳಬಂದದ್ದೆಷ್ಟು, ಹೊರಹೋದದ್ದೆಷ್ಟು, ಉಳಿದದ್ದೆಷ್ಟು ಎಂದು ತೂಗುವುದು. ಇನ್ನೊಂದು, ಗಣಿಯಿಂದ ತಿಪ್ಪೆಯವರೆಗೆ ವಸ್ತುವಿನ ಜೀವನಚರಿತ್ರೆ ಬರೆಯುವುದು. ಕಷ್ಟವಿರುವುದು ಇಲ್ಲಿ. ಕುಲುಮೆಯ ಹೊಗೆಯಲ್ಲಿ ಕಿಟ್ಟದ ಪಾಲೆಷ್ಟು? ಕಿಟ್ಟ ಕಸವೆಂದರೆ ಪಾಲು ಸೊನ್ನೆ. ಸರಕೆಂದು ತೂಕದ ಮೇಲೆ ಹಂಚಿದರೆ ದೊಡ್ಡ ಪಾಲು. ಬೆಲೆಯ ಮೇಲೆ ಹಂಚಿದರೆ ಚಿಕ್ಕದು. ಒಂದೇ ಸಿಮೆಂಟಿನ ಮೂಟೆಗೆ ಮೂರು ಅಂಕಿ! ಮೂರೂ ಸುಳ್ಳಲ್ಲ. ಯಾವ ಹಂಚಿಕೆಯೆಂದು ಹೇಳದೆ ಒಂದೇ ಅಂಕಿಯನ್ನು ಜನರ ಮುಂದಿಡುವುದು ಮಾತ್ರ ಸುಳ್ಳಿಗೆ ಸಮೀಪ. ಸಂಶೋಧಕರು ಈ ಮಾತನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆಂಬುದೇ ನನ್ನ ತಕರಾರು.

ನಮ್ಮ ಸೀಮೆಗೇ ಬನ್ನಿ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳು ಸೌದೆ ಬೇಡುತ್ತವೆ. ಕೃಷ್ಣರಾಜನಗರದ ಸಿಪ್ಪೆಯನ್ನು ಅಲ್ಲಿಗೆ ಸಾಗಿಸಿದರೆ ಮರ ಉಳಿಯುವುದಲ್ಲವೇ ಎಂದು ಯಾರಾದರೂ ಕೇಳಬಹುದು. ಲಾರಿಯ ಡೀಸೆಲ್ ಲೆಕ್ಕಕ್ಕೆ ಬರಬೇಕು. ಅದಕ್ಕೂ ಮಿಗಿಲಾಗಿ, ಸಿಪ್ಪೆ ಕಳೆದುಕೊಂಡ ಆಲೆಮನೆ ಏನನ್ನು ಉರಿಸೀತು? ಸೌದೆಯನ್ನೇ ಆದರೆ, ಗೆರೆಯನ್ನು ಬ್ಯಾರನ್ನಿನ ಬಾಗಿಲಲ್ಲಿ ಎಳೆದವರಿಗೆ ಮರ ಉಳಿದಂತೆ ಕಾಣುತ್ತದೆ. ಆಲೆಮನೆಯನ್ನೂ ಒಳಗೊಂಡು ಎಳೆದವರಿಗೆ ಹಾಗೆ ಕಾಣದು.