ಕ್ಲಿಕ್ಕಿನ ಹಿಂದೊಂದು ಪಡೆ

2024ರ ಜುಲೈ 29. ಪ್ಯಾರಿಸ್ ಒಲಿಂಪಿಕ್ಸ್‌ನ ಸರ್ಫಿಂಗ್ ಸ್ಪರ್ಧೆ ಮಾತ್ರ ಸಾವಿರಾರು ಮೈಲಿ ಆಚೆ, ತಾಹಿತಿ ದ್ವೀಪದ ಕಡಲಲ್ಲಿ ನಡೆದಿತ್ತು. ಬ್ರೆಜಿಲ್‌ನ ಗೇಬ್ರಿಯಲ್ ಮೆಡಿನಾ ಅಲೆಯಾಚೆಯಿಂದ ಗಾಳಿಗೆ ಚಿಮ್ಮಿ, ಬೆರಳೆತ್ತಿ ನಿಂತಂತೆ ಕಾಣುವ, ಪಕ್ಕದಲ್ಲಿ ಹಲಗೆಯೂ ನೆಟ್ಟಗೆ ನಿಂತಿರುವ ಆ ಫೋಟೊವನ್ನು ನೋಡದವರು ಕಡಿಮೆ. ತೆಗೆದವರು ಎಎಫ್‌ಪಿ ಸುದ್ದಿಸಂಸ್ಥೆಯ ಜೆರೋಮ್ ಬ್ರುಯೆ. ದೋಣಿಯಲ್ಲಿದ್ದ ಅವರಿಗೆ ಅಲೆಯ ಮರೆಯಲ್ಲಿದ್ದ ಮೆಡಿನಾ ಕಾಣುತ್ತಲೇ ಇರಲಿಲ್ಲ. ಮೇಲೆ ಚಿಮ್ಮಿದಾಗ ಸಿಕ್ಕಿದ್ದು ನಾಲ್ಕೇ ಚಿತ್ರ. ಆಮೇಲೆ ಸಣ್ಣದೊಂದು ಬಿಡುವಿನಲ್ಲಿ ಮೊಬೈಲ್ ತೆಗೆದರೆ, ಆ ನಾಲ್ಕರಲ್ಲೊಂದು ಆಗಲೇ ಊರೆಲ್ಲ ಸುತ್ತುತ್ತಿತ್ತು.

ಆ ಕ್ಷಣವನ್ನು ಎಲ್ಲರೂ ಹೊಗಳಿದರು. ಚಿತ್ರ ಅಷ್ಟು ಬೇಗ ಹೊರಬಿದ್ದದ್ದು ಹೇಗೆ ಎಂದು ಕೇಳಿದವರು ಕಡಿಮೆ. ಫೋಟೊ ತಂಡವೊಂದನ್ನು ಸಜ್ಜುಗೊಳಿಸುವ ಕಸುಬು ಇರುವುದೇ ಅಲ್ಲಿ.

ದೊಡ್ಡ ಕ್ರೀಡಾಕೂಟಗಳಲ್ಲಿ ಫೋಟೊಗ್ರಾಫರ್ ಕೂರುವ ಜಾಗದವರೆಗೂ ನೆಟ್‌ವರ್ಕ್ ಕೇಬಲ್ ಬಂದಿರುತ್ತದೆ. ವೃತ್ತಿಪರ ಕ್ಯಾಮೆರಾಗಳಲ್ಲಿ ಅದನ್ನು ಸಿಕ್ಕಿಸಲು ಪೋರ್ಟ್ ಕೂಡ ಇರುತ್ತದೆ. 2016ರ ರಿಯೊ ಒಲಿಂಪಿಕ್ಸ್ ಹೊತ್ತಿಗೆ ಗೆಟ್ಟಿ ಇಮೇಜಸ್ ಸಂಸ್ಥೆ ಎರಡು ನಿಮಿಷದ ಆಸುಪಾಸಿನಲ್ಲಿ ಚಿತ್ರವನ್ನು ಗ್ರಾಹಕರಿಗೆ ಮುಟ್ಟಿಸುವ ಮಟ್ಟಕ್ಕೆ ಬಂದಿತ್ತು. ಆಚೆ ತುದಿಯಲ್ಲಿ ಒಬ್ಬರು ಚಿತ್ರ ಆರಿಸುತ್ತಾರೆ, ಇನ್ನೊಬ್ಬರು ಅಂಚು ಕತ್ತರಿಸಿ ಬಣ್ಣ ಸರಿಪಡಿಸುತ್ತಾರೆ, ಮತ್ತೊಬ್ಬರು ಕ್ಯಾಪ್ಷನ್ ನೋಡುತ್ತಾರೆ. ಸೋನಿಯ ಎ9 III ಕ್ಯಾಮೆರಾ ಸೆಕೆಂಡಿಗೆ 120 ಚಿತ್ರ ತೆಗೆಯಬಲ್ಲದು. ಅಷ್ಟನ್ನೂ ಕಳಿಸುತ್ತ ಹೋದರೆ ಆರಿಸುವವರ ಗತಿ ದೇವರಿಗೇ ಪ್ರೀತಿ! ಪಳಗಿದವರು ಕ್ಯಾಮೆರಾದ ಪರದೆಯಲ್ಲೇ ನೋಡಿ, ಬೇಕಾದ್ದಕ್ಕಷ್ಟೇ ಗುರುತು ಹಾಕಿ ರವಾನಿಸುತ್ತಾರೆ.

ಕ್ಯಾಪ್ಷನ್‌ನ ತಯಾರಿ ಹಿಂದಿನ ರಾತ್ರಿಯೇ ಶುರು. ಬಹುತೇಕ ಸುದ್ದಿ ಛಾಯಾಗ್ರಾಹಕರು ಬಳಸುವ ಫೋಟೊ ಮೆಕ್ಯಾನಿಕ್ ಎಂಬ ತಂತ್ರಾಂಶಕ್ಕೆ ಎರಡೂ ತಂಡಗಳ ಆಟಗಾರರ ಪಟ್ಟಿಯನ್ನು ಉಣಿಸಿಟ್ಟರೆ ಸಾಕು. ಆರ್‌ಸಿಬಿ ಪಂದ್ಯದಲ್ಲಿ ತಂಡದ ಸಂಕೇತಾಕ್ಷರದ ಜೊತೆ ಜೆರ್ಸಿ ಸಂಖ್ಯೆ 18 ಎಂದು ಒತ್ತಿದೊಡನೆ ವಿರಾಟ್ ಕೊಹ್ಲಿಯ ಪೂರ್ತಿ ಹೆಸರು, ತಂಡದ ಹೆಸರು ತಾವಾಗಿ ಬಂದು ಕೂರುತ್ತವೆ. ಪಟ್ಟಿಯಲ್ಲಿ ಕಾಗುಣಿತ ತಪ್ಪಿದರೆ ಮಾತ್ರ ಕಷ್ಟ. ಆ ಒಂದು ತಪ್ಪು ಅಂದಿನ ಅಷ್ಟೂ ಚಿತ್ರಗಳೊಂದಿಗೆ ಊರೂರಿಗೆ ಹೋಗುತ್ತದೆ.

ಗಡಿಯಾರದ್ದೂ ಇದೇ ಕಥೆ. ಐದು ಜನರ ತಂಡದಲ್ಲಿ ಹತ್ತು ಕ್ಯಾಮೆರಾ ಇದ್ದರೆ ಹತ್ತರ ಗಡಿಯಾರವೂ ಸೆಕೆಂಡು ಬಿಡದೆ ಕೂಡಿರಬೇಕು. ಇಲ್ಲವಾದರೆ ಎಲ್ಲರ ಚಿತ್ರಗಳನ್ನು ಒಂದೆಡೆ ಸುರಿದಾಗ ವಿಕೆಟ್ ಬೀಳುವ ಮೊದಲೇ ಬೌಲರ್ ಕುಣಿದಾಡುತ್ತಿರುತ್ತಾನೆ.

ಮನುಷ್ಯ ಕೂರಲಾಗದ ಜಾಗಕ್ಕೆ ಕ್ಯಾಮೆರಾವನ್ನೇ ಕಳಿಸುವ ಉಪಾಯ ಹಳೆಯದು. 1966ರ ನವೆಂಬರ್ 14ರಂದು ಹ್ಯೂಸ್ಟನ್‌ನಲ್ಲಿ ಮುಹಮ್ಮದ್ ಅಲಿ ಮತ್ತು ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಸೆಣಸಿದಾಗ ಛಾಯಾಗ್ರಾಹಕ ನೀಲ್ ಲೈಫರ್ ಬಾಕ್ಸಿಂಗ್ ರಿಂಗಿನ ಮೇಲೆ ಸುಮಾರು 80 ಅಡಿ ಎತ್ತರದಲ್ಲಿ ಕ್ಯಾಮೆರಾ ಕಟ್ಟಿದ್ದರು. ನಡುವೆ ಅಂಗಾತ ಬಿದ್ದ ವಿಲಿಯಮ್ಸ್, ಕೈಯೆತ್ತಿ ನಡೆಯುತ್ತಿರುವ ಅಲಿ. ರಿಂಗಿನ ಅಂಚಿಗೆ ಒರಗಿ ನಿಂತ ಲೈಫರ್ ಕೂಡ ತಮ್ಮದೇ ಚಿತ್ರದಲ್ಲಿ ಸಿಕ್ಕಿಬಿದ್ದಿದ್ದಾರೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ದೂರದಿಂದಲೇ ತಿರುಗಿಸಬಲ್ಲ ರೋಬೊಟಿಕ್ ಕ್ಯಾಮೆರಾಗಳು ಚಾವಣಿ ಏರಿದವು. ಇವತ್ತಿಗೂ ಕ್ಲಾಂಪ್ ಎಷ್ಟೇ ಗಟ್ಟಿಯಿರಲಿ, ಜೊತೆಗೊಂದು ಉಕ್ಕಿನ ಸುರಕ್ಷತಾ ತಂತಿ ಬಿಗಿಯದೆ ತಲೆಯ ಮೇಲೆ ಕ್ಯಾಮೆರಾ ತೂಗುಹಾಕುವಂತಿಲ್ಲ.

ಹೊರುವ ಭಾರವಂತೂ ಇಳಿದಿದೆ. ಕ್ಯಾನನ್‌ನ 400 ಎಂಎಂ ಎಫ್2.8 ಲೆನ್ಸ್ 1999ರಲ್ಲಿ 5.37 ಕಿಲೊ ತೂಗುತ್ತಿತ್ತು. 2018ರ ಆವೃತ್ತಿ 2.84 ಕಿಲೊ. ಬೆಲೆ ಮಾತ್ರ ಲಕ್ಷಗಳಲ್ಲೇ ಇದೆ. ಒಲಿಂಪಿಕ್ಸ್‌ನಲ್ಲಿ ಕ್ಯಾಮೆರಾ ಕಂಪನಿಗಳೇ ಮಳಿಗೆ ತೆರೆದು ಲೆನ್ಸ್ ಕಡ ಕೊಡುತ್ತವೆ, ಕೆಟ್ಟದ್ದನ್ನು ಅಲ್ಲೇ ರಿಪೇರಿ ಮಾಡುತ್ತವೆ. ನಮ್ಮಲ್ಲಿ ಸಣ್ಣ ತಂಡಗಳಿಗೆ ದಿನಬಾಡಿಗೆಯೇ ಗತಿ.

ಮೈಸೂರು ದಸರೆಯ ಜಂಬೂಸವಾರಿಯಲ್ಲಿ ಲೆಕ್ಕ ಬೇರೆ. ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು ಐದು ಕಿಲೊಮೀಟರ್. 750 ಕಿಲೊ ತೂಕದ ಚಿನ್ನದ ಅಂಬಾರಿಯ ಜೊತೆ ಕೇಬಲ್ ನಡೆಯುವುದಿಲ್ಲ. ಜನ ಕಿಕ್ಕಿರಿದಂತೆ ಮೊಬೈಲ್ ನೆಟ್‌ವರ್ಕೂ ಕೈಕೊಡುತ್ತದೆ. ಬೇರೆ ಬೇರೆ ಕಂಪನಿಯ ಎರಡು ಸಿಮ್ ಇರುವುದು ಒಳ್ಳೆಯದು. ಸಯ್ಯಾಜಿರಾವ್ ರಸ್ತೆಯಲ್ಲಿ ಒಮ್ಮೆ ನಿಂತವರು ಮೆರವಣಿಗೆ ದಾಟುವವರೆಗೂ ಅಲ್ಲೇ ಸಿಕ್ಕಿಕೊಂಡರೆಂದೇ ಲೆಕ್ಕ. ಆದ್ದರಿಂದ ಅರಮನೆಯ ಪುಷ್ಪಾರ್ಚನೆಗೊಬ್ಬರು, ರಸ್ತೆಗಿಬ್ಬರು, ರಾತ್ರಿಯ ಪಂಜಿನ ಕವಾಯತಿಗೊಬ್ಬರು ಎಂದು ಮೊದಲೇ ಹಂಚಿಕೊಳ್ಳಬೇಕು. ನೀರು, ಬಿಸ್ಕತ್ತು, ಬ್ಯಾಟರಿ, ಮಳೆ ಹೊದಿಕೆಯನ್ನು ಅವರವರ ಚೀಲದಲ್ಲೇ ತುಂಬಬೇಕು. ತಂಡದ ಕ್ಯಾಮೆರಾಗಳೆಲ್ಲ ಒಂದೇ ಮಾದರಿಯವಾದರೆ ಇನ್ನೂ ಅನುಕೂಲ: ಪಂಜಿನ ಕವಾಯತಿನ ಹೊತ್ತಿಗೆ ಒಬ್ಬರ ಬ್ಯಾಟರಿ ಮುಗಿದರೆ, ಅರಮನೆಯ ಕೆಲಸ ಮುಗಿಸಿ ಬಂದವರ ಬ್ಯಾಟರಿಯನ್ನೇ ಹಾಕಿಕೊಳ್ಳಬಹುದು.