ತೋಟೆಯ ಮರುಭರ್ತಿ: ಅಳತೆ ಮತ್ತು ತಾಳ್ಮೆಯ ಹವ್ಯಾಸ

ಒಮ್ಮೆ ಹಾರಿಸಿದ ತೋಟೆಯ ಹಿತ್ತಾಳೆಯ ಕವಚವನ್ನು ಎಸೆಯದೆ ಉಳಿಸಿಕೊಂಡು, ಅದಕ್ಕೆ ಹೊಸ ಕೇಪು, ಹೊಸ ಮದ್ದು ಮತ್ತು ಹೊಸ ಗುಂಡನ್ನು ಜೋಡಿಸಿ ಮತ್ತೆ ಬಳಕೆಗೆ ಸಿದ್ಧಪಡಿಸುವ ಕೆಲಸವನ್ನು ಮರುಭರ್ತಿ ಅಥವಾ ರೀಲೋಡಿಂಗ್ ಎನ್ನುತ್ತಾರೆ. ಅಮೆರಿಕದಲ್ಲಿ ಇದು ಗುರಿಕಾರರೂ ಬೇಟೆಗಾರರೂ ಮನೆಯ ಗ್ಯಾರೇಜಿನಲ್ಲೇ ನಡೆಸುವ, ಶತಮಾನಕ್ಕೂ ಹಳೆಯದಾದ ಹವ್ಯಾಸ. ಅಲ್ಲಿನ 1968ರ ಬಂದೂಕು ನಿಯಂತ್ರಣ ಕಾಯ್ದೆಯ ಪ್ರಕಾರ ಸ್ವಂತ ಬಳಕೆಗೆ ತೋಟೆ ತುಂಬಿಕೊಳ್ಳುವವರಿಗೆ ಒಕ್ಕೂಟ ಸರ್ಕಾರದ ಪರವಾನಗಿ ಬೇಕಿಲ್ಲ, ಮಾರಾಟಕ್ಕೆಂದು ತುಂಬುವವರಿಗೆ ತಯಾರಕರ ಪರವಾನಗಿ ಕಡ್ಡಾಯ. ಹಣ ಉಳಿಸುವ ಉಪಾಯವೆಂದು ಇದಕ್ಕೆ ಕೈಹಾಕುವವರು ಬಹಳ ಮಂದಿ. ಆದರೆ ಅಳತೆ, ದಾಖಲೆ ಮತ್ತು ತಾಳ್ಮೆ ರೂಢಿಯಾಗದವರು ಇದರಲ್ಲಿ ಸುರಕ್ಷಿತವಾಗಿ ಮುಂದುವರಿಯಲಾರರು.

ತೋಟೆಯಲ್ಲಿ ನಾಲ್ಕು ಭಾಗಗಳಿವೆ. ಸುಮಾರು 70 ಪಾಲು ತಾಮ್ರ, 30 ಪಾಲು ಸತು ಸೇರಿದ ಹಿತ್ತಾಳೆಯ ಕವಚ ಉಳಿದ ಮೂರನ್ನೂ ಹಿಡಿದಿಡುತ್ತದೆ. ಅದರ ಬುಡದಲ್ಲಿ ಕೂರುವ ಕೇಪು ಕೋವಿಯ ಸೂಜಿಯ ಪೆಟ್ಟಿಗೆ ಕಿಡಿ ಕಾರುತ್ತದೆ. ಆ ಕಿಡಿಯಿಂದ ಮದ್ದು ಉರಿದು ಅನಿಲವಾಗುತ್ತದೆ. ಅನಿಲದ ಒತ್ತಡ ಗುಂಡನ್ನು ನಳಿಗೆಯ ಮೂಲಕ ಹೊರದೂಡುತ್ತದೆ. ಹಾರಿದ ಮೇಲೆ ಉಳಿಯುವುದು ಕವಚ ಮಾತ್ರ, ಮತ್ತು ನಾಲ್ಕರಲ್ಲಿ ಸಾಮಾನ್ಯವಾಗಿ ಅತಿ ದುಬಾರಿ ಭಾಗವೂ ಅದೇ ಆಗಿರುವುದರಿಂದ ಮರುಭರ್ತಿ ಲಾಭಕರವಾಗುತ್ತದೆ. ಎಲ್ಲ ಕವಚಗಳೂ ಇದಕ್ಕೆ ಸಮಾನವಾಗಿ ಒಗ್ಗುವುದಿಲ್ಲ: ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ರೂಪಿಸಿದ ಮಾದರಿಯಲ್ಲಿ ಬುಡದ ನಡುವೆ ಒಂದೇ ರಂಧ್ರವಿದ್ದು ಹಳೆಯ ಕೇಪನ್ನು ಕಡ್ಡಿಯಿಂದ ತಳ್ಳಿ ತೆಗೆಯಬಹುದು, ಅಮೆರಿಕದ ಹೈರಮ್ ಬರ್ಡನ್ ಮಾದರಿಯಲ್ಲಿ ನಡುವೆ ರಂಧ್ರವಿಲ್ಲದೆ ಬದಿಗಳಲ್ಲಿರುವುದರಿಂದ ಆ ಕೆಲಸ ಕಷ್ಟ. ಇಂಗ್ಲೆಂಡಿನವನ ಮಾದರಿಯೇ ಅಮೆರಿಕದಲ್ಲಿ ನೆಲೆನಿಂತಿದ್ದು ಅಲ್ಲಿ ಈ ಹವ್ಯಾಸ ಬೆಳೆಯಲು ಅನುಕೂಲವಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಅಂಗಡಿಗಳಿಂದ ದೂರ, ಬಯಲುಸೀಮೆಯಲ್ಲಿ ಕಾಡೆಮ್ಮೆ ಬೇಟೆಯಾಡುತ್ತಿದ್ದವರು ಬೀಡಿನಲ್ಲೇ ತೋಟೆ ತುಂಬಿಕೊಳ್ಳುತ್ತಿದ್ದರು. 1884ರಲ್ಲಿ ಜಾನ್ ಬಾರ್ಲೋ ಸ್ಥಾಪಿಸಿದ ಐಡಿಯಲ್ ಕಂಪನಿ ಇಕ್ಕಳದ ಆಕಾರದ ಕೈಸಾಧನಗಳನ್ನು ಮಾರಾಟಕ್ಕೆ ತಂದಿತು. ಅದೇ ವರ್ಷ ಫ್ರಾನ್ಸಿನಲ್ಲಿ ಪಾಲ್ ವಿಯೆಲ್ ಹೊಗೆರಹಿತ ಮದ್ದನ್ನು ಕಂಡುಹಿಡಿದ ಮೇಲೆ ಲೆಕ್ಕಾಚಾರವೇ ಬದಲಾಯಿತು, ಏಕೆಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ ಬೆರೆಸಿದ ಕರಿಮದ್ದಿಗಿಂತ ಅದು ಹಲವು ಪಟ್ಟು ಶಕ್ತಿಯುತವಾಗಿದ್ದು, ಅಳತೆಯಲ್ಲಿ ಸಣ್ಣ ತಪ್ಪನ್ನೂ ಸಹಿಸುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗುಂಡುಗಳ ಅಭಾವ ಉಂಟಾದಾಗ ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್ಟನ್ ತಂದೆಯ ಲಾಂಡ್ರಿಯ ಹಿಂಬದಿಯ ಕೋಣೆಯಲ್ಲಿ ಗುಂಡು ತಯಾರಿಸುವ ಅಚ್ಚುಗಳನ್ನು ಮಾಡಲಾರಂಭಿಸಿದರು. ಇಂದಿನ ಪ್ರಸಿದ್ಧ ಆರ್‌ಸಿಬಿಎಸ್ ಸಂಸ್ಥೆ ಬೆಳೆದದ್ದು ಅಲ್ಲಿಂದ.

ಹೊಸಬರಿಗೆ ಅನುಭವಿಗಳು ಮೊದಲು ಕೊಳ್ಳಲು ಹೇಳುವ ವಸ್ತು ಯಂತ್ರವಲ್ಲ, ಇತ್ತೀಚಿನ ಆವೃತ್ತಿಯ ಮರುಭರ್ತಿ ಕೈಪಿಡಿ. ಯಾವ ಕೋವಿಯ ತೋಟೆಗೆ ಯಾವ ಮದ್ದು, ಯಾವ ತೂಕದ ಗುಂಡು, ಕನಿಷ್ಠ ಮತ್ತು ಗರಿಷ್ಠ ಪ್ರಮಾಣ ಎಷ್ಟು ಎಂಬುದನ್ನು ಪ್ರಯೋಗಾಲಯದಲ್ಲಿ ಒತ್ತಡ ಅಳೆದು ಅದರಲ್ಲಿ ಪಟ್ಟಿಮಾಡಿರುತ್ತಾರೆ. ಆಮೇಲೆ ಬೇಕಾಗುವುದು ಒಮ್ಮೆಗೆ ಒಂದೇ ಹಂತದ ಕೆಲಸ ಮಾಡುವ ಸರಳ ಸನ್ನೆಯ ಪ್ರೆಸ್, ಕವಚವನ್ನು ಮೂಲ ಅಳತೆಗೆ ತರುವ ಉಕ್ಕಿನ ಅಚ್ಚುಗಳು, ತಕ್ಕಡಿ, ಕ್ಯಾಲಿಪರ್ ಮತ್ತು ಕಣ್ಣಿಗೆ ರಕ್ಷಣಾ ಕನ್ನಡಕ. ಹಾರಿಸುವಾಗ ಒತ್ತಡಕ್ಕೆ ಉಬ್ಬಿದ ಕವಚವನ್ನು ತೊಳೆದು, ಎಣ್ಣೆ ಸವರಿ, ಅಚ್ಚಿನೊಳಗೆ ತಳ್ಳಿದಾಗ ಅದು ಹಳೆಯ ಅಳತೆಗೆ ಬರುತ್ತದೆ, ಹಳೆಯ ಕೇಪೂ ಉದುರುತ್ತದೆ. ಉದ್ದ ಹೆಚ್ಚಾಗಿದ್ದರೆ ಬಾಯನ್ನು ಕತ್ತರಿಸಿ, ಹೊಸ ಕೇಪು ಕೂರಿಸಿ, ಮದ್ದು ತುಂಬಿ, ಗುಂಡನ್ನು ನಿಗದಿತ ಆಳಕ್ಕೆ ಒತ್ತಬೇಕು.

ಈ ಸರಣಿಯಲ್ಲಿ ಅತಿ ಮುಖ್ಯವಾದದ್ದು ಕವಚದ ತಪಾಸಣೆ. ಹಲವು ಸಲ ಬಳಸಿದ ರೈಫಲ್ ಕವಚದ ಬುಡದಿಂದ ಸ್ವಲ್ಪ ಮೇಲೆ ಹೊಳೆಯುವ ತೆಳು ಉಂಗುರ ಕಂಡರೆ ಒಳಗೆ ಹಿತ್ತಾಳೆ ಸವೆಯುತ್ತಿದೆಯೆಂಬ ಅನುಮಾನ ಹುಟ್ಟಬೇಕು. ಅನುಭವಿಗಳು ಕಾಗದದ ಕ್ಲಿಪ್ಪನ್ನು ನೇರಮಾಡಿ, ತುದಿಯನ್ನು ಕೊಕ್ಕೆಯಂತೆ ಬಾಗಿಸಿ, ಕವಚದ ಒಳಗೋಡೆಯ ಮೇಲೆ ಮೆಲ್ಲನೆ ಎಳೆಯುತ್ತಾರೆ, ಅದು ತಗ್ಗಿಗೆ ಸಿಕ್ಕಿಕೊಂಡರೆ ಆ ಕವಚವನ್ನು ಗುಜರಿಗೆ ಹಾಕುತ್ತಾರೆ.

ಮದ್ದನ್ನು ತೂಗುವ ಏಕಮಾನವಾದ ಗ್ರೇನ್ ಒಂದು ಪೌಂಡಿನ 7000ದಲ್ಲಿ ಒಂದು ಭಾಗ, ಎಂದರೆ ಸುಮಾರು 64.8 ಮಿಲಿಗ್ರಾಂ, ಇಷ್ಟು ಸೂಕ್ಷ್ಮ ಅಳತೆಯಲ್ಲಿ ಎಡವಿದರೆ ಎರಡು ಬಗೆಯ ಅಪಾಯಗಳಿವೆ. ಪಿಸ್ತೂಲಿನ ತೋಟೆಗೆ ಮರೆತು ಎರಡು ಬಾರಿ ಮದ್ದು ಸುರಿದರೆ ಒತ್ತಡ ಮಿತಿಮೀರಿ ಆಯುಧವೇ ಸಿಡಿಯಬಹುದು; ಮದ್ದು ಹಾಕುವುದನ್ನೇ ಮರೆತರೆ ಕೇಪಿನ ಬಲವೊಂದರಿಂದಲೇ ಗುಂಡು ನಳಿಗೆಯೊಳಗೆ ಸಿಕ್ಕಿಕೊಂಡು, ಅದನ್ನು ಗಮನಿಸದೆ ಹಾರಿಸಿದ ಮುಂದಿನ ಈಡಿಗೆ ನಳಿಗೆ ಸೀಳಬಹುದು. ಆದ್ದರಿಂದಲೇ ಮೇಜಿನ ಮೇಲೆ ಒಂದೇ ಬಗೆಯ ಮದ್ದಿನ ಡಬ್ಬಿ ಇರಬೇಕು, ಗುಂಡು ಕೂರಿಸುವ ಮುನ್ನ ಕವಚಗಳನ್ನು ಸಾಲಾಗಿ ನಿಲ್ಲಿಸಿ ಬ್ಯಾಟರಿ ಬೆಳಕಿನಲ್ಲಿ ಮದ್ದಿನ ಮಟ್ಟ ನೋಡಬೇಕು, ಕೈಪಿಡಿಯ ಆರಂಭದ ಪ್ರಮಾಣದಿಂದ ಹೊರಟು ಹಂತಹಂತವಾಗಿ ಮೇಲೇರಬೇಕು, ಪ್ರತಿ ಪೆಟ್ಟಿಗೆಯ ಮೇಲೂ ದಿನಾಂಕ ಮತ್ತು ವಿವರ ಬರೆದಿಡಬೇಕು. ಬಳಸಿದ ಕೇಪುಗಳ ಮಸಿಯಲ್ಲಿ ಸೀಸ ಇರುವುದರಿಂದ ಕೆಲಸ ಮುಗಿದ ಕೂಡಲೇ ಕೈ ತೊಳೆಯಬೇಕು. ಸಿಗರೇಟು, ಮದ್ಯ, ಟೆಲಿವಿಷನ್ ಯಾವುದೂ ಆ ಕೋಣೆಯಲ್ಲಿ ಇರಕೂಡದು.

ಭಾರತದ ಸ್ಥಿತಿ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ, ಅದಕ್ಕೆ ಕಠಿಣ ಸೆರೆವಾಸವಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ ಪೂಜಿಸುವ ಕೊಡವರಿಗೆ ಕಾಯ್ದೆಯಡಿ ದೊರೆತಿರುವ ವಿನಾಯಿತಿಯೂ ಕೋವಿ ಹೊಂದುವುದಕ್ಕೆ ಸಂಬಂಧಿಸಿದ್ದೇ ಹೊರತು ಮನೆಯಲ್ಲಿ ತೋಟೆ ತಯಾರಿಸುವುದಕ್ಕಲ್ಲ. ಗುರಿವಿದ್ಯೆಯಲ್ಲಿ ಆಸಕ್ತಿಯಿರುವ ಇಲ್ಲಿನ ಓದುಗರು ಮಾನ್ಯತೆ ಪಡೆದ ರೈಫಲ್ ಕ್ಲಬ್ ಸೇರುವುದೇ ಸರಿಯಾದ ದಾರಿ. ಅಮೆರಿಕದಲ್ಲಿ ನೆಲಸಿ ಈ ಹವ್ಯಾಸ ಕೈಗೊಳ್ಳಬಯಸುವ ಕನ್ನಡಿಗರು ತಮ್ಮ ರಾಜ್ಯದ ಕಾನೂನನ್ನು ತಿಳಿದು, ಕೈಪಿಡಿಯನ್ನು ಪೂರ್ತಿ ಓದಿ, ಅನುಭವಿಯೊಬ್ಬರ ಪಕ್ಕದಲ್ಲಿ ಕುಳಿತು ಕಲಿತ ಮೇಲೆಯೇ ಮೊದಲ ತೋಟೆಗೆ ಕೈಹಾಕಬೇಕು.