ದವಡೆಯ ಕೀಲು ಸದ್ದು ಮಾಡಿದರೆ

ಬಾಯಿ ತೆರೆಯುವಾಗ ಕಿವಿಯ ಮುಂದೆ ‘ಟಕ್’ ಎಂಬ ಸದ್ದು ಬರುವುದು ಅನೇಕರ ಅನುಭವ. ಕೀಲು ತಪ್ಪಿತೇ, ಮೂಳೆ ಸವೆಯಿತೇ ಎಂಬ ಅಂಜಿಕೆ ಸಹಜ. ಈ ಸದ್ದು ಹೇಗೆ ಹುಟ್ಟುತ್ತದೆ?

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಬೆರಳಿನಡಿ ಚಲಿಸುವುದು ಕೆಳದವಡೆಯ ಗುಂಡು ತುದಿ. ಅದು ತಲೆಬುರುಡೆಯ ಕುಳಿಯೊಂದರಲ್ಲಿ ಕುಳಿತಿರುತ್ತದೆ. ಇವೆರಡರ ನಡುವೆ ನಾರಿನಿಂದಾದ ಪುಟ್ಟ ಬಿಲ್ಲೆಯಿದೆ. ಬಾಯಿ ತೆರೆಯತೊಡಗಿದಾಗ ದವಡೆಯ ತುದಿ ಇದ್ದಲ್ಲೇ ತಿರುಗುತ್ತದೆ. ಇನ್ನಷ್ಟು ತೆರೆದಾಗ ಬಿಲ್ಲೆಯೊಡನೆ ಮುಂದಕ್ಕೆ ಜಾರುತ್ತದೆ.

ಕೆಲವರಲ್ಲಿ ಬಿಲ್ಲೆ ಮೊದಲೇ ಮುಂದಕ್ಕೆ ಸರಿದಿರುತ್ತದೆ. ಬಾಯಿ ತೆರೆಯುವಾಗ ದವಡೆಯ ತುದಿ ಬಿಲ್ಲೆಯ ದಪ್ಪ ಅಂಚನ್ನು ದಾಟಿ ಅದರ ಮಧ್ಯಕ್ಕೆ ಬರುತ್ತದೆ. ಆಗ ಕೇಳಿಸುವುದೇ ‘ಟಕ್’. ನೋವಿಲ್ಲದೆ, ಬಾಯಿ ಪೂರ್ತಿ ತೆರೆಯುತ್ತಿದ್ದರೆ ಇದಕ್ಕೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ. ಮರಳು ತುಳಿದಂತೆ ‘ಕರಕರ’ ಸದ್ದು ಬಂದರೆ ಕೀಲಿನ ಮೇಲ್ಮೈ ಸವೆದಿರಬಹುದು. ಅದನ್ನು ಒಮ್ಮೆ ತೋರಿಸುವುದು ಒಳ್ಳೆಯದು.

ಸದ್ದು ನಿಂತರೆ ಎಲ್ಲ ಸರಿಹೋಯಿತು ಎಂದೇನಲ್ಲ. ಸದ್ದು ಥಟ್ಟನೆ ನಿಂತು, ಬಾಯಿ ಅರ್ಧಕ್ಕೇ ಸಿಕ್ಕಿಕೊಂಡರೆ ಬಿಲ್ಲೆ ದಾರಿಗೆ ಅಡ್ಡವಾಗಿದೆ ಎಂದು ಶಂಕಿಸಬೇಕು. ವಯಸ್ಕರ ಬಾಯಿ ಸಾಮಾನ್ಯವಾಗಿ 40 ಮಿ.ಮೀ.ಗಿಂತ ಹೆಚ್ಚು ತೆರೆಯುತ್ತದೆ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮುಂಹಲ್ಲುಗಳ ನಡುವೆ ತೂರಿಸಿ ನೋಡುವುದು ಸುಲಭ ಪರೀಕ್ಷೆ.

ಅಡಿಕೆ, ಗುಟ್ಕಾ ಅಗಿಯುವವರಲ್ಲಿ ಬಾಯಿ ಬರಬರುತ್ತಾ ಕಿರಿದಾದರೆ, ಖಾರ ತಿಂದಾಗ ಉರಿ ಬಂದರೆ ದೋಷ ಕೀಲಿನದ್ದಲ್ಲದಿರಬಹುದು. ಕೆನ್ನೆಯ ಒಳಪದರ ನಾರುಗಟ್ಟುವ ರೋಗ ಅದಾಗಿರಬಹುದು. ಅದು ಕ್ಯಾನ್ಸರಿಗೂ ತಿರುಗಬಲ್ಲದು, ತಡಮಾಡಬಾರದು.

ಅಗಿಯುವಾಗ ನೋವು, ಮುಖದ ಊತ, ಪೆಟ್ಟಿನ ನಂತರ ಹಲ್ಲುಗಳು ಸರಿಯಾಗಿ ಕೂಡದಿರುವುದು, ಇವಿದ್ದರೂ ದಂತವೈದ್ಯರನ್ನು ಕಾಣಬೇಕು. ತೆರೆದ ಬಾಯಿ ಮುಚ್ಚಲಾಗದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಐವತ್ತು ದಾಟಿದವರಿಗೆ ಅಗಿಯುವಾಗ ದವಡೆ ನೋವಿನ ಜೊತೆಗೆ ಹೊಸದಾಗಿ ತಲೆನೋವು ಬಂದರೆ, ದೃಷ್ಟಿ ಮಂದವಾದರೆ ಅದು ರಕ್ತನಾಳದ ಉರಿಯೂತವಿರಬಹುದು. ಅದೂ ತುರ್ತು ಸ್ಥಿತಿಯೇ. ಶ್ರಮಪಟ್ಟಾಗ ಎದೆ, ತೋಳುಗಳೊಡನೆ ದವಡೆಯೂ ನೋಯುವುದು ಹೃದಯದ ತೊಂದರೆಯ ಸೂಚನೆಯಾಗಬಹುದು.

ಕೀಲಿನ ನೋವು ಹೆಚ್ಚಿನವರಲ್ಲಿ ಸರಳ ಕ್ರಮಗಳಿಂದಲೇ ತಗ್ಗುತ್ತದೆ. ಕೆಲವು ದಿನ ಮುದ್ದೆ, ಇಡ್ಲಿ, ಮೆತ್ತನೆಯ ಅನ್ನ ತಿನ್ನಿ. ಚಕ್ಕುಲಿ, ಕಬ್ಬು, ಚ್ಯೂಯಿಂಗ್ ಗಮ್ ಬೇಡ. ಬಿಸಿ ಶಾಖ ಕೊಡಿ. ಆಕಳಿಸುವಾಗ ಗದ್ದಕ್ಕೆ ಕೈ ಆಸರೆ ಇರಲಿ. ಸುಮ್ಮನಿರುವಾಗ ತುಟಿಗಳು ಕೂಡಿರಲಿ, ಹಲ್ಲುಗಳು ಬಿಡಿಯಾಗಿರಲಿ. ಸದ್ದು ಬರಿಸಿ ಪರೀಕ್ಷಿಸುವ ಚಟ ಬಿಡಿ.

ದೀರ್ಘಕಾಲದ ನೋವಿಗೆ ದವಡೆಯ ವ್ಯಾಯಾಮ, ಮನಃಶಾಸ್ತ್ರೀಯ ಚಿಕಿತ್ಸೆಗಳನ್ನು ಬಿಎಂಜೆ ವೈದ್ಯಪತ್ರಿಕೆ 2023ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಶಿಫಾರಸು ಮಾಡಿದೆ. ಬಿಲ್ಲೆಯನ್ನು ಕತ್ತರಿಸಿ ತೆಗೆಯುವುದು ಬೇಡವೆಂದಿದೆ. ಬರಿಯ ಸದ್ದಿಗಾಗಿ ಹಲ್ಲು ಉಜ್ಜಿಸಿ ಸವೆಸುವುದಾಗಲಿ, ಶಸ್ತ್ರಕ್ರಿಯೆಯಾಗಲಿ ಸಲ್ಲದು. ಸವೆಸಿದ ಹಲ್ಲು ಮತ್ತೆ ಬೆಳೆಯುವುದಿಲ್ಲ.